ಕವಲು ಮೀಸೆ

ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ಅಶೋಕ್ ಡಾಕ್ಟರ ಹಲ್ಲಿನ ಕ್ಲಿನಿಕ್ಕಿಗೆ ಯಾರೂ ಖುಷಿಯಿಂದ ಬರುವುದಿಲ್ಲ. ದವಡೆ ಊದಿಸಿಕೊಂಡು, ಕೆನ್ನೆಗೆ ಟವೆಲ್ಲು ಒತ್ತಿಕೊಂಡು, ಒಳಗಿನ ಯಂತ್ರ ಗುಂಯ್‌ಗುಟ್ಟಿದಾಗಲೆಲ್ಲ ಬೆಚ್ಚಿ ಬೀಳುತ್ತ ಕೂತಿರುತ್ತಾರೆ. ಅವರ ಭಯ ಕಳೆಯಲೆಂದೇ ಡಾಕ್ಟರು ಹಜಾರದಲ್ಲಿ ಒಂದು ಗಾಜಿನ ತೊಟ್ಟಿ ಇಡಿಸಿದ್ದರು. ಅದರಲ್ಲಿ ಇದ್ದದ್ದು ಒಂದೇ ಮೀನು. ಅಂಗೈಯಗಲದ ಬೆಳ್ಳಿ ಮೈ, ಮೈತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಆದರೆ ಜನ ನೋಡುತ್ತಿದ್ದುದು ಮೈಯನ್ನಲ್ಲ, ಮೀಸೆಯನ್ನು. ಬಾಯಿಯ ಎರಡೂ ಪಕ್ಕದಿಂದ ಹೊರಟ ಬಿಳಿ ಮೀಸೆ ಹಿಂದಕ್ಕೆ ಬಾಗಿ ಬಾಲ ಮುಟ್ಟುತ್ತಿತ್ತು. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಅದಕ್ಕೆ ಸುಬೇದಾರ ಎಂದು ಹೆಸರಿಟ್ಟಿದ್ದರು. ತಮಗೇ ಮೀಸೆ ಇಲ್ಲದ ಡಾಕ್ಟರಿಗೆ ಅದರ ಮೇಲೆ ವಿಪರೀತ ಅಭಿಮಾನ.

ಆ ಸುಬೇದಾರನ ಮೀಸೆ ಹೋದದ್ದರಿಂದ ಬೀರಮ್ಮ ಕಳ್ಳಿ ಎನಿಸಿಕೊಂಡಳು.

ಬೀರಮ್ಮ ಆ ಕ್ಲಿನಿಕ್ಕಿನ ಆಯಾ. ಕಸ ಗುಡಿಸಿ, ನೆಲ ಒರೆಸಿ, ಡಾಕ್ಟರ ಇಕ್ಕಳಗಳನ್ನು ಕುದಿಸಿ ಜೋಡಿಸಿಡುತ್ತ ಹನ್ನೊಂದು ವರ್ಷ ಕಳೆದಿದ್ದಳು. ಊರು ಹೇಮಗಿರಿಯ ಪಕ್ಕ, ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ಬೆಳಿಗ್ಗೆ ಬಾಗಿಲು ತೆಗೆಯುವವಳೂ ಅವಳೇ, ಸಂಜೆ ಬೀಗ ಹಾಕುವವಳೂ ಅವಳೇ. ಬಾಯಿ ಸ್ವಲ್ಪ ಜೋರು. ಆದರೆ ಪರರ ಗುಂಡುಸೂಜಿಯನ್ನೂ ಮುಟ್ಟಿದವಳಲ್ಲ. ಗಂಡ ಹೋದ ಮೇಲೆ ಅವಳ ಹತ್ತಿರ ಉಳಿದಿದ್ದ ಒಡವೆ ಅದೊಂದೇ, ಅದನ್ನು ಊರೂ ಒಪ್ಪಿತ್ತು.

ಈ ವರ್ಷ ಡಾಕ್ಟರು ಮೊಣಕಾಲಿನ ಆಪರೇಷನ್ ಆಗಿ ಐದು ವಾರ ಮೈಸೂರಿನಲ್ಲಿ ಮಲಗಿದ್ದರು. ಕ್ಲಿನಿಕ್ಕು ಮುಚ್ಚಿತ್ತು. ಬೀರಮ್ಮ ಮಾತ್ರ ದಿನಾ ಬಂದು ಧೂಳು ಹೊಡೆದು, ಮೀನಿಗೆ ಕಾಳು ಹಾಕಿ ಹೋಗುತ್ತಿದ್ದಳು. ಡಾಕ್ಟರು ಕೋಲೂರಿಕೊಂಡು ವಾಪಸ್ಸು ಬಂದ ಸೋಮವಾರ ಹಜಾರದಲ್ಲಿ ಎಂಟು ಜನ ಕಾಯುತ್ತಿದ್ದರು. ತಿಂಗಳಿಗೊಮ್ಮೆ ತೊಟ್ಟಿ ತೊಳೆಯುವ ದಿಲೀಪನೂ ಅವತ್ತೇ ಬಂದಿದ್ದ. ಶ್ರೀರಂಗಪಟ್ಟಣದಲ್ಲಿ ಅವನದು ಬಣ್ಣದ ಮೀನಿನ ಅಂಗಡಿ, ಸುಬೇದಾರನನ್ನು ಮಾರಿದ್ದೂ ಅವನೇ. ಡಾಕ್ಟರು ನೆಟ್ಟಗೆ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಮೀಸೆ ಇದ್ದ ಜಾಗದಲ್ಲಿ ಸುಟ್ಟ ಬತ್ತಿಯ ತುದಿಯಷ್ಟು ಎರಡು ಮೋಟು ಉಳಿದಿದ್ದವು.

"ಏನಾಯ್ತು ಇದಕ್ಕೆ?" ಎಂದರು.

ದಿಲೀಪ ಬಂದು ಇಣುಕಿದ. ಅವನ ಮುಖ ಒಂದು ಗಳಿಗೆ ಬಿಳಿಚಿತು. ಮಾರಿದ ಮಾಲಿನ ಮಾತು ತನ್ನ ತಲೆಗೇ ಬಂದೀತೆಂಬ ಹೆದರಿಕೆ ಇದ್ದಿರಬೇಕು.

"ಸರ್, ಇದು ನಾನು ಕೊಟ್ಟ ಮೀನೇ ಅಲ್ಲ. ಇದೇ ಥರ ಚುಕ್ಕಿ ಇರೋ ಗಿಡ್ಡ ಮೀಸೆದು ಬರುತ್ತೆ, ಚಿಲ್ರೆ ಮಾಲು. ನಿಮ್ದು ಸತ್ತೋಗಿರ್ಬೇಕು, ಇಲ್ಲಾ ಯಾರ್ಗೋ ಕೊಟ್ಟಿರ್ಬೇಕು. ಗೊತ್ತಾಗ್ದೆ ಇರ್ಲಿ ಅಂತ ಇದನ್ನ ತಂದು ಬುಟ್ಟವ್ರೆ." ಮಾತು ಡಾಕ್ಟರಿಗೆ, ಕಣ್ಣು ಬೀರಮ್ಮನ ಮೇಲೆ. "ಬೀಗದ ಕೈ ಯಾರತ್ರ ಇತ್ತು ಅಂತ ನಾನೇನು ಯೋಳ್ಬೇಕಾಗಿಲ್ಲ. ಕಳ್ತನ ಅನ್ನೋದು ಮೀನಿಂದ್ಲೇ ಶುರುವಾಗೋದು."

ಬೀರಮ್ಮನ ಕೈಯಲ್ಲಿದ್ದ ಒರೆಸುವ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅದೇ ಮೀನು ಸಾ. ಮೀಸೆ ತಾನಾಗೇ ಸವುದೋಯ್ತು. ದಿನಾ ನೋಡ್ತಿದ್ದೆ, ಚೂರು ಚೂರೇ ಕಮ್ಮಿ ಆಯ್ತಾ ಬಂತು."

"ಸವೆಯೋಕೆ ಅದೇನು ಪೊರಕೆನಾ?" ಎಂದ ದಿಲೀಪ. ಕೂತಿದ್ದವರಲ್ಲಿ ಯಾರೋ ಬಾಯಲ್ಲಿ ಲವಂಗದೆಣ್ಣೆಯ ಹತ್ತಿ ಇಟ್ಟುಕೊಂಡೇ ನಕ್ಕರು.

"ನನಗ್ಯಾಕೆ ಫೋನ್ ಮಾಡ್ಲಿಲ್ಲ ಬೀರಮ್ಮ?" ಎಂದು ಡಾಕ್ಟರು ಕೇಳಿದರು.

"ಕಾಲ್ ನೋವಲ್ಲಿ ಮಲ್ಗಿರೋರ್ಗೆ ಮೀನಿನ ಮೀಸೆ ಸುದ್ದಿ ಯಾಕೆ ಅಂತ ಸುಮ್ಕಾದೆ ಸಾ."

ಅದು ನಿಜ. ಆದರೆ ಆ ಹೊತ್ತಿನಲ್ಲಿ ಅವಳ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿತು. ಎಂಟು ಜನರ ನಡುವೆ ಅವಳದೇ ಬೀದಿಯ ಸೋಮಮ್ಮನೂ ಕೆನ್ನೆಗೆ ಕೈಕೊಟ್ಟುಕೊಂಡು ಕೂತಿದ್ದಳು. ಅವಳಾದರೂ ಒಂದು ಮಾತು ಆಡುತ್ತಾಳೆಂದು ಬೀರಮ್ಮ ಅತ್ತ ನೋಡಿದಳು. ಸೋಮಮ್ಮ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. ಡಾಕ್ಟರು ಒಳ್ಳೆಯ ಮನುಷ್ಯ, ಕೆಟ್ಟ ಮಾತು ಅವರ ಬಾಯಲ್ಲಿ ಬರುವುದಿಲ್ಲ. ನೆಲ ನೋಡಿಕೊಂಡು, "ಬೀಗದ ಕೈ ಸದ್ಯಕ್ಕೆ ನನ್ನ ಹತ್ತಿರ ಇರಲಿ ಬೀರಮ್ಮ" ಎಂದರು ಅಷ್ಟೇ. ಒಳ್ಳೆಯವರು ಹೀಗೆ ಮೆತ್ತಗೆ ಆಡುವ ಮಾತು ಕೆಟ್ಟವರ ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ.

ಅವಳು ಸೆರಗಿನ ಗಂಟಿನಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ ಅವಳ ಬಾಯಿಂದ ಬಂದ ಮಾತು ಅವಳಿಗೇ ಅಚ್ಚರಿ.

"ಈ ಮೀನ ನಂಗ್ ಕೊಡಿ ಸಾ, ಒಂದ್ ತಿಂಗ್ಳು. ನಮ್ಮಪ್ಪ ಹೊಳೇಲಿ ಮೀನ್ ಹಿಡ್ದೋನು. ಮೀಸೆ ಮೀನ್ಗೆ ಮೀಸೆ ಕಿತ್ತೋದ್ರೂ ಮತ್ತೆ ಬತ್ತದೆ ಅಂತ ಯೋಳ್ತಿದ್ದ. ಬಂತು ಅಂದ್ರೆ ಅದೇ ಮೀನು. ಬರ್ನಿಲ್ಲ ಅಂದ್ರೆ ನಾ ಕಳ್ಳಿ ಅಂದ್ಕೊಳಿ, ಈ ಮೆಟ್ಲು ಅತ್ತಲ್ಲ."

ಡಾಕ್ಟರು ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಮುಂದಿನ ಒಂದನೇ ತಾರೀಖು ದಿಲೀಪ ಬರ್ತಾನೆ, ಅವತ್ತು ತನ್ನಿ" ಎಂದರು. ದಿಲೀಪನೇ ಮೀನನ್ನು ಪ್ಲಾಸ್ಟಿಕ್ ಕವರಿಗೆ ಬಿಟ್ಟು ಗಾಳಿ ತುಂಬಿ ಗಂಟು ಹಾಕಿ, ನೀರಿಗೆ ಗಾಳಿ ಊದುವ ಮೋಟರನ್ನೂ ಕೊಟ್ಟ. ಮೀನಿಗೆ ಹೊಸ ಜಾಗ ಎನಿಸದಿರಲೆಂದು ಬೀರಮ್ಮ ತೊಟ್ಟಿಯ ತಳದಿಂದ ಎರಡು ಹಿಡಿ ಮರಳನ್ನೂ ತೆಗೆದುಕೊಂಡಳು.

ಬಸ್ಸಿನಲ್ಲಿ ಮಡಿಲ ಮೇಲೆ ಮೀನಿಟ್ಟುಕೊಂಡು ಕೂತವಳಿಗೆ ಎರಡು ಸೀಟು ಮುಂದೆ ಸೋಮಮ್ಮ ಫೋನಿನಲ್ಲಿ ಪಿಸುಗುಡುವುದು ಕಾಣುತ್ತಿತ್ತು. ಬೀರಮ್ಮ ಊರು ಮುಟ್ಟುವ ಹೊತ್ತಿಗೆ ಸುದ್ದಿ ಮನೆ ಮುಟ್ಟಿತ್ತು. ಅವಳ ಅಪ್ಪ ಚೌಡಯ್ಯ ಜಗಲಿಯಲ್ಲಿ ಕೂತಿದ್ದ. ಹರಿಗೋಲು ಮಾರಿ ಹತ್ತು ವರ್ಷವಾದರೂ ಹೊಳೆಯ ನೆನಪಿಗೆ ಬಲೆ ಹೆಣೆಯುವ ಚಾಳಿ ಬಿಟ್ಟಿರಲಿಲ್ಲ. ಮಗಳು ಹೇಳಿದ್ದನ್ನೆಲ್ಲ ಕೇಳಿ ಅವನು ಬಿಳಿ ಟಬ್ಬು ತೊಳೆದು ತಂದ. ಅವಳು ಮರಳಿನ ಕವರು ಬಿಚ್ಚಿದಾಗ ಒಂದು ಚಿಟಿಕೆ ತೆಗೆದುಕೊಂಡು ಹೆಬ್ಬೆರಳಲ್ಲಿ ಉಜ್ಜಿದ.

"ಇದ್ಯಾವ ಮಳ್ಳು?"

"ಇನ್ಯಾವ್ದು, ಮಳ್ಳೇ."

"ಇದು ಮಳ್ಳಲ್ಲ ಕಣ್ ಮಗಾ, ಕಲ್ಲು. ಹೊಳೇಲಿ ಉಳ್ಳಿ ಉಳ್ಳಿ ಬಂದ ಮಳ್ಳು ನುಣ್ಣಗಿರ್ತದೆ. ಇದು ಮಿಷಿನ್ನಲ್ಲಿ ಒಡ್ದಿರೋದು, ಒಂದೊಂದೂ ಗಾಜ್ ಚೂರು. ಮೀಸೆ ಅಂದ್ರೆ ಆ ಮೀನ್ಗೆ ಕೈ ಕಣವ್ವ, ಅದ್ರಲ್ಲಿ ತಡಕಾಡೇ ತಿನ್ನೋದು. ದಿನಾ ಗಾಜ್ ಚೂರಲ್ಲಿ ಕೈಯಾಡ್ಸುದ್ರೆ ಏನ್ ಉಳ್ದದು? ಯಾವ ಮುಂಡೇಮಗ ಆಕ್ದ ಇದ?"

ಬೀರಮ್ಮ ಟಬ್ಬಿನ ಅಂಚು ಹಿಡಿದುಕೊಂಡಳು. ಹಾಕಿದವಳು ಅವಳೇ.

ಡಾಕ್ಟರು ಆಪರೇಷನ್ನಿಗೆ ಹೋಗುವ ಮುಂಚೆ ದಿಲೀಪ ಕೊಳವೆಯಲ್ಲಿ ಕೊಳೆ ಎಳೆಯುವಾಗ ಅರ್ಧ ಮರಳೂ ಹೋಗಿ ತಳದ ಗಾಜು ಕಾಣುತ್ತಿತ್ತು. ಡಾಕ್ಟರು ಬರುವಷ್ಟರಲ್ಲಿ ಚೆಂದ ಮಾಡಿಡೋಣ ಎಂದು ಅವಳು ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಮೇಸ್ತ್ರಿಯನ್ನು ಕೇಳಿ ಒಂದು ಬೋಗುಣಿ ಮರಳು ತಂದು, ಏಳು ನೀರಲ್ಲಿ ತೊಳೆದು ಹರಡಿದ್ದಳು. ಹೊಳೆಯ ಮರಳು ಎತ್ತಬಾರದು ಎಂದಾದ ಮೇಲೆ ಈ ಸೀಮೆಯಲ್ಲಿ ಮನೆಗೂ ಗುಡಿಗೂ ಸಮಾಧಿಗೂ ಪಾಂಡವಪುರದ ಕಡೆಯಿಂದ ಲಾರಿಯಲ್ಲಿ ಬರುವ ಎಂ ಸ್ಯಾಂಡೇ ಗತಿ. ಬಂಡೆ ಪುಡಿ ಮಾಡಿದ್ದಾದರೂ ಎಲ್ಲರ ಬಾಯಲ್ಲೂ ಅದು ಮರಳೇ. ಹೊಳೆದಂಡೆಯಲ್ಲಿ ಹುಟ್ಟಿದ ಅವಳಿಗೂ ಆ ಎರಡರ ವ್ಯತ್ಯಾಸ ಮರೆತೇಹೋಗಿತ್ತು.

"ನಾನೇ ಕಣಪ್ಪ" ಎಂದಳು. ಚೌಡಯ್ಯ ಮತ್ತೆ ಬೈಯಲಿಲ್ಲ. ಎದ್ದು ಜರಡಿ ತೆಗೆದುಕೊಂಡು ಹೊಳೆಯ ಕಡೆ ನಡೆದ.

ಕದ್ದಿಲ್ಲ, ಆದರೆ ಕೆಡಿಸಿದವಳು ತಾನೇ. ಇದನ್ನು ಈಗಲೇ ಹೋಗಿ ಹೇಳಿದರೆ ದಿಲೀಪ ಹೊಸ ಕಥೆ ಕಟ್ಟಿದಳು ಎನ್ನುತ್ತಾನೆ. ಮೀಸೆ ಬರಲಿ, ಆಮೇಲೆ ಎಲ್ಲ ಹೇಳುವುದು ಎಂದು ಗಟ್ಟಿ ಮಾಡಿಕೊಂಡಳು. ಬರದಿದ್ದರೆ ಏನು ಎಂಬುದನ್ನು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

ಮೊದಲ ವಾರ ಮೀನು ಸಾಯುತ್ತದೆಂದೇ ಅನಿಸಿತ್ತು. ಮೂಗಿನ ಪಕ್ಕದಲ್ಲೇ ಎರೆಹುಳು ಬಿದ್ದಿದ್ದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಸುತ್ತ ಸುತ್ತ ತಿರುಗಿ, ಬರಿಯ ಮರಳು ಮೂಸಿ, ಮೂಲೆಗೆ ಹೋಗಿ ಸುಮ್ಮನಾಗುತ್ತಿತ್ತು. ಬೀರಮ್ಮ ಪೊರಕೆ ಕಡ್ಡಿಯ ತುದಿಗೆ ಹುಳು ಸಿಕ್ಕಿಸಿ ಅದರ ಬಾಯಿಗೇ ಹಿಡಿಯುತ್ತಿದ್ದಳು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಬಂದು ಅರ್ಧ ಗಂಟೆ. ನಡುವೆ ಕ್ಲಿನಿಕ್ಕು. ಅಲ್ಲಿ ಈಗ ಡಾಕ್ಟರು ಬರುವವರೆಗೆ ಮೆಟ್ಟಿಲ ಮೇಲೆ ಕೂತು ಕಾಯಬೇಕು. ಇಕ್ಕಳ ಕುದಿಸುವ ಕೆಲಸ ಹಾಗೇ ಇತ್ತು, ಆದರೆ ಮೇಜಿನ ಡ್ರಾಯರಿಗೆ ಬೀಗ ಬಿದ್ದಿತ್ತು. ಅದನ್ನು ನೋಡಿದ ದಿನ ಅವಳು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಒಂಬತ್ತನೇ ದಿನ ಬಲಗಡೆಯ ಮೋಟಿನ ತುದಿ ಬೆಳ್ಳಗಾಯಿತು. ಹನ್ನೊಂದನೇ ದಿನಕ್ಕೆ ಎರಡೂ ಕಡೆ ಅಕ್ಕಿಕಾಳಿನಷ್ಟು ಹೊರಟಿತು. ಚೌಡಯ್ಯ ಬಗ್ಗಿ ನೋಡಿ, "ಮೊಳ್ಕೆ ಬಂತು" ಎಂದ. ಅವಳಿಗೆ ಅಳು ಬಂತು, ಅಪ್ಪನೆದುರು ಅಳುವುದು ಹೇಗೆಂದು ಒಲೆ ಊದಲು ಹೋದಳು.

ಬೀದಿಯವರು ಒಬ್ಬೊಬ್ಬರಾಗಿ ಬಂದು ಟಬ್ಬಿಗೆ ಇಣುಕತೊಡಗಿದರು. ಸೋಮಮ್ಮ ಎರಡು ಸಲ ಬಂದಳು. "ಮೀಸೆ ಬಂತಾ ಬೀರಕ್ಕ?" ಎಂದು ಕೇಳುವ ರೀತಿಯಲ್ಲೇ ಬರದಿದ್ದರೆ ಒಳ್ಳೆಯದಿತ್ತು ಎಂಬ ಆಸೆ ಇತ್ತು. ಊರಿಗೇನು, ಬಂದರೂ ಮಾತು, ಬರದಿದ್ದರೂ ಮಾತು.

ಹದಿನಾಲ್ಕನೇ ದಿನ ಭಾನುವಾರ. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಯಿತು. ಗಾಳಿಯ ಮೋಟರು ನಿಂತಿತು. ಬಿಸಿಲಿಗೆ ನೀರು ಕಾದು, ಒಂದು ಗಂಟೆಯೊಳಗೆ ಮೀನು ಮೇಲೆ ಬಂದು ಬಾಯಿ ಬಿಡತೊಡಗಿತು. ಬೀರಮ್ಮ ಚೊಂಬಿನಲ್ಲಿ ನೀರು ತುಂಬಿ, ಕೈ ಎತ್ತಿ, ಮೇಲಿನಿಂದ ಸುರಿದಳು. ಮತ್ತೆ ತುಂಬಿದಳು, ಮತ್ತೆ ಸುರಿದಳು. ತೋಳು ಸೋತಾಗ ಚೌಡಯ್ಯ ಚೊಂಬು ಇಸಿದುಕೊಂಡ. ಅವನು ದಣಿದಾಗ ಮತ್ತೆ ಇವಳು. ಕರೆಂಟು ಬಂದಾಗ ನಾಲ್ಕೂವರೆ. ಅಷ್ಟು ಹೊತ್ತೂ ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ: ಇದು ಸತ್ತರೆ ನಾನು ಬದುಕಿರುವವರೆಗೂ ಕಳ್ಳಿ.

ಮೀನು ಉಳಿಯಿತು. ಮೀಸೆ ದಿನದಿಂದ ದಿನಕ್ಕೆ ಬೆಳೆಯಿತು. ಒಂದನೇ ತಾರೀಖಿಗೆ ಐದು ದಿನ ಇದೆ ಎನ್ನುವಾಗ, ಹುಳು ಹಾಕಲು ಬಗ್ಗಿದ ಬೀರಮ್ಮ ಹಾಗೇ ನಿಂತುಬಿಟ್ಟಳು. ಬಲಗಡೆಯ ಮೀಸೆ ನೆಟ್ಟಗೆ, ಮೊದಲಿನ ಹಾಗೆಯೇ ಇತ್ತು. ಎಡಗಡೆಯದು ಸ್ವಲ್ಪ ದೂರ ಹೋಗಿ ಎರಡಾಗಿ ಸೀಳಿತ್ತು. ಮೂರು ದಿನದ ಹಿಂದೆ ಗಂಟಿನ ಹಾಗೆ ಕಂಡದ್ದು ಈಗ ಇನ್ನೊಂದು ಎಳೆಯಾಗಿ ಬೇರೆ ದಿಕ್ಕಿಗೆ ಹೊರಟಿತ್ತು.

"ಅಪ್ಪಾ, ಇದೇನು ಇಂಗಾಗೈತೆ?"

ಚೌಡಯ್ಯ ಕನ್ನಡಕ ಹಾಕಿಕೊಂಡು ನೋಡಿದ. "ಕವಲು. ಹೊಳೆ ಚೇಳುಮೀನ್ ಮೀಸೇಲಿ ಒಂದೆರಡು ಸಲ ನೋಡಿವ್ನಿ. ಗಾಯ ಆದ್ ಜಾಗ್ದಲ್ಲಿ ಬಂದ್ರೆ ಒಂದೊಂದ್ಸಲ ಅಂಗಾಯ್ತದೆ."

"ಸುಬೇದಾರಂಗೆ ಕವಲು ಇರ್ನಿಲ್ಲ. ಇದ ನೋಡುದ್ರೆ ದಿಲೀಪ ಏನಂತಾನೆ? ಇನ್ನೊಂದು ಮೀನ್ ತಂದ್ಳು ಅಂತಾನೆ."

ಚೌಡಯ್ಯ ಕನ್ನಡಕ ತೆಗೆದಿಟ್ಟು ಎದ್ದ. ಅವನು ಎಮ್ಮೆ ಹೊಡೆದುಕೊಂಡು ಹೋದ ಮೇಲೆ ಬೀರಮ್ಮ ಹೊಸ ಬ್ಲೇಡು ಬಿಚ್ಚಿದಳು. ಒಂದೇ ಒಂದು ಎಳೆ, ಕೂದಲಿಗಿಂತ ಸ್ವಲ್ಪ ದಪ್ಪ. ಬುಡದಲ್ಲಿ ತಾಗಿಸಿದರೆ ಮುಗಿಯಿತು, ಐದು ದಿನದಲ್ಲಿ ಗಾಯ ಮಾಯ್ದು ಮೀಸೆ ನೆಟ್ಟಗೆ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಎತ್ತಿದಳು. ಅದರ ರೆಕ್ಕೆಯ ಮುಳ್ಳು ಬಟ್ಟೆಗೆ ಸಿಕ್ಕಿಕೊಂಡು, ಮೀನು ಕಿರ್ ಕಿರ್ ಎಂದು ಸದ್ದು ಮಾಡಿತು. ಇಷ್ಟು ವರ್ಷ ನೋಡಿದ್ದರೂ ಅದಕ್ಕೆ ದನಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಬ್ಲೇಡು ಹಿಡಿದ ಕೈ ಅಲ್ಲೇ ನಿಂತಿತು. ಇದುವರೆಗೂ ಅವಳು ಆಡಿದ್ದು ನಿಜ, ಮಾಡಿದ್ದು ನಿಜ. ಈ ಎಳೆ ಕತ್ತರಿಸಿದರೆ, ಡಾಕ್ಟರ ಕಣ್ಣಿಗೆ ಮಣ್ಣೆರಚಲು ಮೀನನ್ನು ಬದಲು ಮಾಡಿದವಳು ಎಂದು ದಿಲೀಪ ಹೇಳಿದ್ದು ಇವತ್ತಿಂದ ನಿಜವಾಗುತ್ತದೆ. ಯಾರಿಗೂ ಗೊತ್ತಾಗದಿರಬಹುದು, ತನಗೆ ಗೊತ್ತಿರುತ್ತದಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮುಳ್ಳು ಬಿಡಿಸಿ ಮೀನನ್ನು ನೀರಿಗೆ ಬಿಟ್ಟಳು.

ಒಂದನೇ ತಾರೀಖು ಅವಳು ಕವರು ಹಿಡಿದು ಕ್ಲಿನಿಕ್ಕಿಗೆ ಬಂದಾಗ ಡಾಕ್ಟರೂ ದಿಲೀಪನೂ ಒಳಕೋಣೆಯಲ್ಲಿದ್ದರು. ಡಾಕ್ಟರು ಅವಳನ್ನು ಒಳಕ್ಕೆ ಕರೆದು ಬಾಗಿಲು ಮುಚ್ಚಿಕೊಂಡರು. ಮೀನನ್ನು ಗಾಜಿನ ಬಟ್ಟಲಿಗೆ ಬಿಟ್ಟದ್ದೇ ದಿಲೀಪ ಒಂದು ಹೆಜ್ಜೆ ಹಿಂದೆ ಸರಿದ. ಮೀಸೆ ಅಷ್ಟುದ್ದ ಬಂದೀತೆಂದು ಅವನು ಎಣಿಸಿರಲಿಲ್ಲ. ಆಮೇಲೆ ಕವಲು ಕಣ್ಣಿಗೆ ಬಿತ್ತು.

"ನೋಡಿ ಸರ್, ನೋಡಿ. ನಮ್ ಮೀನಿಗೆ ಎರಡು ಎಳೆ ಇತ್ತಾ? ಇದು ಇನ್ನೆಲ್ಲಿಂದ್ಲೋ ತಂದಿರೋದು."

ಡಾಕ್ಟರು ಹಲ್ಲು ನೋಡುವಾಗ ಹಾಕುವ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು, ದೀಪ ಎಳೆದುಕೊಂಡು, ಬಹಳ ಹೊತ್ತು ನೋಡಿದರು.

"ಬುಡ ಹಳೇದು, ಒರಟಾಗಿದೆ" ಎಂದರು ಕೊನೆಗೆ. "ಅಲ್ಲಿಂದ ಮುಂದಕ್ಕೆ ಹೊಸ ಚರ್ಮ, ಗೆರೆ ಎಳೆದ ಹಾಗೆ ಕಾಣುತ್ತೆ. ಮೋಟು ಮೀಸೆ ಮೇಲೇ ಬೆಳೆದಿದೆ. ದಿಲೀಪ, ಮೋಸ ಮಾಡಬೇಕು ಅಂತ ಹೊಸ ಮೀನು ತರೋರು ಅಂಗಡಿಯಲ್ಲಿ ಹುಡುಕಿ ಹುಡುಕಿ ಸೀಳು ಮೀಸೆದನ್ನ ತರ್ತಾರಾ? ನೆಟ್ಟಗಿರೋದು ಬಂದಿದ್ರೆ ನನಗೆ ಇವತ್ತೂ ಅನುಮಾನ ಉಳೀತಿತ್ತು. ಇದು ಗಾಯ ಮಾಯ್ದಿರೋದು."

ಡಾಕ್ಟರು ಕನ್ನಡಕ ತೆಗೆದು, ಜೇಬಿನಿಂದ ಕೀಲಿ ತೆಗೆದು ಅವಳ ಕಡೆ ಚಾಚಿದರು. "ತಪ್ಪಾಯ್ತು ಬೀರಮ್ಮ."

ಬೀರಮ್ಮ ಕೈ ಚಾಚಲಿಲ್ಲ. ಮೊದಲು ಎಂ ಸ್ಯಾಂಡಿನ ವಿಷಯ ಪೂರ್ತಿ ಹೇಳಿದಳು: ಮೇಸ್ತ್ರಿಯನ್ನು ಕೇಳಿದ್ದು, ಏಳು ನೀರಲ್ಲಿ ತೊಳೆದದ್ದು, ಅಪ್ಪ ಉಜ್ಜಿ ನೋಡಿದ್ದು. ಡಾಕ್ಟರು, "ಗೊತ್ತಿಲ್ಲದೆ ಮಾಡಿದ್ದು ಬಿಡಿ" ಎಂದರು.

"ನಾ ಮಾಡಿದ್ದ ಇಲ್ಲೂ ಯೋಳ್ತೀನಿ, ಆಚೆಗೂ ಯೋಳ್ತೀನಿ ಸಾ. ನೀವೂ ಆಚೆ ಬಂದ್ ಯೋಳಿ. ನಂಗೆ ಕಳ್ಳಿ ಅಂದಿದ್ದು ಈ ರೂಮಲ್ಲಿ ಅಲ್ಲ."

ಡಾಕ್ಟರ ಕಿವಿ ಕೆಂಪಾಯಿತು. ಆದರೂ ಕೋಲೂರಿಕೊಂಡು ಹಜಾರಕ್ಕೆ ಬಂದರು. ಆರು ಜನ ಕೂತಿದ್ದರು. ಬೀರಮ್ಮನ ಮೇಲೆ ಬಂದ ಮಾತು ಸುಳ್ಳು, ಮೀನು ಅದೇ ಮೀನು, ತಾವು ಸುಮ್ಮನಿದ್ದದ್ದು ತಪ್ಪು ಎಂದು ನಿಂತೇ ಹೇಳಿದರು. ಮೀಸೆ ಸವೆದದ್ದು ತಾನು ಹಾಕಿದ ಎಂ ಸ್ಯಾಂಡಿನಿಂದ ಎಂದು ಬೀರಮ್ಮನೂ ಹೇಳಿದಳು. ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದವಡೆ ಊದಿದ ಮುದುಕರೊಬ್ಬರು, "ಯಾವ ಮೀನು ಸಾ?" ಎಂದು ಕೇಳಿದರು.

ಬೀರಮ್ಮ ಆ ಮುಖಗಳನ್ನೆಲ್ಲ ನೋಡಿದಳು. ಅವತ್ತು ಕೂತಿದ್ದವರು ಒಬ್ಬರೂ ಇರಲಿಲ್ಲ. ಅವರು ಹಲ್ಲು ಕೀಳಿಸಿಕೊಂಡು ನಾಗಮಂಗಲಕ್ಕೋ ಪಾಂಡವಪುರಕ್ಕೋ ಮಾತು ಹೊತ್ತುಕೊಂಡು ಹೋಗಿ ತಿಂಗಳಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಬೀರಮ್ಮನಿಗೆ ಅವತ್ತು ಗಾದೆಗೆ ತಲೆಬಾಗುವ ಮನಸ್ಸಿರಲಿಲ್ಲ.

"ಅವತ್ತು ಬಂದಿದ್ದೋರ ಎಸ್ರು, ನಂಬ್ರು ಬುಕ್ಕಲ್ಲಿ ಐತಲ್ಲ ಸಾ" ಎಂದಳು. "ಪೋನ್ ಆಕಿ."

"ಸಾಕು ಬುಡಕ್ಕ" ಎಂದ ದಿಲೀಪ. ಅವಳು ಅವನತ್ತ ತಿರುಗಲಿಲ್ಲ. ಡಾಕ್ಟರು ಕೈಯಲ್ಲಿದ್ದ ಕೀಲಿಯನ್ನು ಅವಳ ಮುಂದಿಟ್ಟು, ಮೇಜಿನ ಹಿಂದೆ ಕೂತು ಪುಸ್ತಕದ ಪುಟ ತಿರುಗಿಸಿದರು.

"ನಮಸ್ಕಾರ, ಕೆಂಪಣ್ಣನವರಾ? ಕೆ.ಆರ್. ಪೇಟೆ ಅಶೋಕ್ ಡಾಕ್ಟರು. ಇಲ್ಲ ಇಲ್ಲ, ಹಲ್ಲಿನ ವಿಷಯ ಅಲ್ಲ. ಅವತ್ತು ನಮ್ಮ ಬೀರಮ್ಮನಿಗೆ ಒಂದು ಮಾತು ಬಂತಲ್ಲ..."

ಎರಡನೆಯವರು ಎತ್ತಿದರು. ಮೂರನೆಯವರಿಗೆ ಎರಡು ಸಲ ವಿವರಿಸಬೇಕಾಯಿತು. ಆರು ಜನ ರೋಗಿಗಳು ತಮ್ಮ ನೋವು ಮರೆತು ಕೇಳುತ್ತಿದ್ದರು. ನಾಲ್ಕನೆಯ ಹೆಸರು ಸೋಮಮ್ಮನದು.

"ಸ್ಪೀಕರ್ ಆಕಿ ಸಾ" ಎಂದಳು ಬೀರಮ್ಮ.

ಡಾಕ್ಟರು ಹೇಳಿ ಮುಗಿಸುವ ಮುಂಚೆಯೇ ಸೋಮಮ್ಮನ ದನಿ ಹಜಾರ ತುಂಬಿತು. "ಅಯ್ಯೋ ಅದಾ ಸಾ? ಅವಳು ಅಂತೋಳಲ್ಲ ಬುಡಿ. ನಂಗೆ ಅವತ್ತೇ ಗೊತ್ತಿತ್ತು."

ಬೀರಮ್ಮ ಮೇಜಿನ ಹತ್ತಿರ ಬಂದು ಫೋನಿಗೆ ಬಗ್ಗಿದಳು. "ಗೊತ್ತಿದ್ರೆ ಅವತ್ಯಾಕೆ ಬಾಯ್ ಬುಡ್ನಿಲ್ಲ ಸೋಮಕ್ಕ?"

ಫೋನಿನಿಂದ ಮಾತು ಬರಲಿಲ್ಲ. ಡಾಕ್ಟರೂ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವರ ಬೆರಳು ಐದನೆಯ ಹೆಸರಿಗೆ ಸರಿಯಿತು.